ಜಗ್ಗಿ ನೋಡು

ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದೆ ಎಂದರೆ ನಮ್ಮ ಕಡೆಯ ಜನ ಮೊದಲು ನೋಡುವುದು ನನ್ನ ಮುಖವನ್ನಲ್ಲ, ನನ್ನ ಹೆಂಡತಿಯ ಕೊರಳನ್ನು. ಅಲ್ಲಿ ಒಂದೆಳೆ ಕರಿಮಣಿ ಬಿಟ್ಟು ಮತ್ತೇನೂ ಕಾಣದಾಗ, ಇವನು ದಡ್ಡನೋ ಪ್ರಾಮಾಣಿಕನೋ ಎಂಬ ಅನುಮಾನದಿಂದ ನನ್ನ ಕಡೆ ತಿರುಗುತ್ತಾರೆ. ಸೊರಬದ ಮದುವೆ ಮನೆಗಳಲ್ಲಿ ಈ ತನಿಖೆ ಊಟಕ್ಕೆ ಎಲೆ ಹಾಕುವ ಮೊದಲೇ ಮುಗಿದಿರುತ್ತದೆ. ಒಂದು ಟನ್ ಕಲ್ಲನ್ನು ಸಿಡಿಸಿ, ಹೊತ್ತು ತಂದು, ಕುಟ್ಟಿ, ಅರೆದು, ಸಯನೈಡಿನಲ್ಲಿ ನೆನೆಸಿ ತೆಗೆದರೆ ಕೈಗೆ ಬರುವುದು ಕೆಲವೇ ಗ್ರಾಂ ಬಂಗಾರ. ನಾನು ಆಯಸ್ಸೆಲ್ಲ ಕಂಡದ್ದು ಆ ಕಲ್ಲನ್ನು ಮಾತ್ರ ಎಂದು ಎಷ್ಟು ಹೇಳಿದರೂ ನಂಬುವವರಿಲ್ಲ.

“ಮತ್ತೆ ಅಲ್ಲಿ ನೀನು ಎಂತ ಮಾಡ್ತಿದ್ದೆ ಮಾರಾಯ?”

“ಬಂಡಿಗೆ ಬಂಡಿ ಸಿಕ್ಕಿಸ್ತಿದ್ದೆ.”

ಅಲ್ಲಿಗೆ ಮಾತು ಮುಗಿಯುತ್ತದೆ. ಕೇಳಿದವನು ಪಕ್ಕದವನ ಹತ್ತಿರ ಅಡಿಕೆ ರೇಟು ವಿಚಾರಿಸತೊಡಗುತ್ತಾನೆ.

ನಮ್ಮೂರು ಗುಡವಿಯಿಂದ ಹಟ್ಟಿಯ ಗಣಿಗೆ ಹೋದವನಿಗೆ ಮೊದಲು ಆಗುವ ಆಘಾತ ಗಣಿಯ ಆಳದ್ದಲ್ಲ, ಆಕಾಶದ್ದು. ನಮ್ಮಲ್ಲಿ ಜೂನ್ ಬಂದರೆ ಆಕಾಶ ತಲೆಯ ಮೇಲೇ ಕೂತಿರುತ್ತದೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯಲ್ಲಿ ಅದು ಎಲ್ಲೋ ಮೇಲೆ, ಯಾರ ಗೊಡವೆಯೂ ಬೇಡವೆಂಬಂತೆ ಇರುತ್ತದೆ. ಆ ಬಿಸಿಲಿನಿಂದ ತಪ್ಪಿಸಿಕೊಳ್ಳಲೆಂದೇ ಜನ ನೆಲ ಅಗೆದರೇನೋ ಎಂದು ನಾನು ಆಗ ತಿಳಿದಿದ್ದೆ. ಅಗೆತವಂತೂ ಹಳೆಯದು. ಕಂಪನಿ ಹುಟ್ಟಿದ್ದು 1947ರಲ್ಲಿ, ನಿಜಾಮರ ಕಾಲದ ಕೊನೆಗೆ; ಆದರೆ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಅಲ್ಲಿ ಬಂಡೆಗೆ ಬೆಂಕಿ ಹಚ್ಚಿ, ಕಾಯಿಸಿ, ಒಡೆದು ಆಳಕ್ಕಿಳಿದವರಿದ್ದರು. ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನ ಹುಡುಕುತ್ತ ಹೋಗಿ ಅಶೋಕನ ಶಾಸನಕ್ಕೆ ಎಡವಿದ. ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಕಲ್ಲು ಅದು. ಚಿನ್ನಕ್ಕೆ ಹೋದವನಿಗೆ ಚಕ್ರವರ್ತಿ ಸಿಕ್ಕಿದ. ನಾನೂ ಚಿನ್ನದ ಊರಿಗೆ ಹೋದವನೇ, ನನಗೆ ಸಿಕ್ಕಿದ್ದು ಪಿನ್ನು.

ಪಿನ್ನು ಎಂದರೆ ಸೀರೆಗೆ ಚುಚ್ಚುವುದಲ್ಲ. ಗೇಣುದ್ದ, ಹೆಬ್ಬೆರಳಿಗಿಂತ ದಪ್ಪ, ತಲೆ ಇರುವ ಕಬ್ಬಿಣದ ಗೂಟ. ನೆಲದೊಳಗೆ, ಲೆವೆಲ್ಲು ಎಂದು ಕರೆಯುವ ಸುರಂಗದಲ್ಲಿ, ಇಕ್ಕಟ್ಟಾದ ಹಳಿಯ ಮೇಲೆ ಅದಿರು ತುಂಬಿದ ಬಂಡಿಗಳು ಸಾಲಾಗಿ ಓಡುತ್ತವೆ. ಮುಂದೆ ಪುಟ್ಟ ಲೋಕೋ ಎಳೆಯುತ್ತದೆ. ಬಂಡಿಯ ಎರಡೂ ತುದಿಗೆ ತೂತಿರುವ ದವಡೆ. ಈ ಬಂಡಿಯ ದವಡೆಯಿಂದ ಆ ಬಂಡಿಯ ದವಡೆಗೆ ಒಂದು ಕಬ್ಬಿಣದ ಬಳೆ ಇಟ್ಟು, ಮೇಲಿನಿಂದ ಎರಡು ಕಡೆಯೂ ಪಿನ್ನು ಇಳಿಬಿಟ್ಟರೆ ಜೋಡಣೆ ಮುಗಿಯಿತು. ಹೇಳಲು ಇಷ್ಟೇ. ನಮ್ಮ ಮೇಸ್ತ್ರಿ ಇದನ್ನು ಕಲಿಸಲು ತೆಗೆದುಕೊಂಡ ಕಾಲದಲ್ಲಿ ಜಾಣ ಹುಡುಗನೊಬ್ಬ ವಕೀಲಿಕೆ ಮುಗಿಸುತ್ತಿದ್ದ.

ಮೇಸ್ತ್ರಿಯ ಬಲಗೈಯ ಎರಡು ಬೆರಳು ಮೊದಲ ಗೆಣ್ಣಿಗೇ ಮುಗಿದಿದ್ದವು. ಹಟ್ಟಿಗೆ ಬರುವ ಮುಂಚೆ ಎಲ್ಲೋ ದೂರದ ಗಣಿಯೊಂದರಲ್ಲಿ ಬಿಟ್ಟು ಬಂದದ್ದಂತೆ, ಯಾವುದೆಂದು ಹೇಳುತ್ತಿರಲಿಲ್ಲ. ಪಾಠ ಮಾಡುವಾಗ ಮಾತ್ರ ಆ ಮೊಂಡು ಬೆರಳುಗಳನ್ನೇ ಮುಂದೆ ಮಾಡುತ್ತಿದ್ದರು. “ಬಂಡಿ ಓಡೂ ಮುಂದ ನಡುವ ಕೈ ಹಾಕಬ್ಯಾಡ ತಮ್ಮಾ. ಬಂಡಿಗೆ ಕಣ್ಣಿಲ್ಲ, ನಿನಗದಾವ.” ಇದು ಮೊದಲ ಪಾಠ. ಸರ್ಕಾರದ ಗಣಿ ಕಾಯಿದೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ, ಆದರೆ ಅದನ್ನು ಓದಿದರೆ ನಿದ್ದೆ ಬರುತ್ತದೆ. ಮೇಸ್ತ್ರಿಯ ಬೆರಳು ನೋಡಿದರೆ ಬಂದ ನಿದ್ದೆ ಹಾರುತ್ತಿತ್ತು.

ಆಮೇಲಿನ ಪಾಠಗಳೂ ಹಾಗೇ. ಸಿಕ್ಕಿಸುವ ಮೊದಲು ಬಂಡಿ ಪೂರ್ತಿ ನಿಲ್ಲಬೇಕು, ನಿಂತ ಮೇಲೆ ಗಾಲಿಗೆ ಅಡ್ಡ ಕಟ್ಟಿಗೆ ಕೊಡಬೇಕು. ನೀರು ಹರಿದುಹೋಗಲೆಂದು, ತುಂಬಿದ ಬಂಡಿಗೆ ಹಗುರಾಗಲೆಂದು ಸುರಂಗದ ನೆಲ ಶಾಫ್ಟಿನ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರಿರುತ್ತದೆ; ಆ ಇಳಿಜಾರು ನಮಗೆ ಕಾಣದಿದ್ದರೂ ಬಂಡಿಗೆ ಗೊತ್ತು. ಎರಡು ಬಂಡಿಯ ನಡುವೆ ನಿಲ್ಲಬಾರದು, ಪಕ್ಕದಲ್ಲಿ ನಿಂತು ಕೊಕ್ಕೆ ಕೋಲಿನಿಂದ ಬಳೆ ಎತ್ತಿಡಬೇಕು. ಲೋಕೋ ನಡೆಸುವವನಿಗೆ ದೀಪ ತೋರಿಸುವುದು ಒಬ್ಬನೇ. ಇಬ್ಬರು ತೋರಿಸಿದರೆ ಅವನು ತನಗಿಷ್ಟವಾದದ್ದನ್ನು ನೋಡುತ್ತಾನೆ. ಗಂಟೆ ಒಂದು ಸಲ ಬಡಿದರೆ ನಿಲ್ಲು, ಅದರಲ್ಲಿ ಚೌಕಾಸಿ ಇಲ್ಲ. ಹಳಿ ಕುಲುಕಿದಾಗ ಪಿನ್ನು ಎಗರಿ ಬೀಳದಂತೆ ಅದರ ಬುಡಕ್ಕೊಂದು ಕ್ಲಿಪ್ಪು. ಸವೆದ ಬಳೆ ಕಂಡರೆ ‘ಇವತ್ತೊಂದಿನ ನಡೀಲಿ’ ಎನ್ನದೆ ಆಗಲೇ ಮೂಲೆಗೆ ಎಸೆಯಬೇಕು. ಏರು ಹತ್ತುವ ಸಾಲಾದರೆ ಕೊನೆಯ ಬಂಡಿಯ ಹಿಂದೆ ನೆಲಕ್ಕೆ ತಾಗುವ ಊರುಗೋಲೊಂದು ತೂಗಬೇಕು. ಜೋಡಣೆ ಕಳಚಿದರೂ ಅದು ನೆಲಕ್ಕೆ ನಾಟಿ ಬಂಡಿಯನ್ನು ಹಿಡಿಯುತ್ತದೆ, ಇಲ್ಲವೇ ಹಳಿಯಿಂದ ಕೆಡವುತ್ತದೆ. ಎರಡೂ ಪುಣ್ಯವೇ.

ಎಲ್ಲ ಆದ ಮೇಲೆ ಕೊನೆಯ ಮಂತ್ರ: “ಜಗ್ಗಿ ನೋಡು.”

ಪಿನ್ನು ಕೂತದ್ದು ಕಣ್ಣಿಗೆ ಕಂಡಿದೆ, ಕ್ಲಿಪ್ಪು ಬಿದ್ದ ಸದ್ದು ಕಿವಿಗೆ ಕೇಳಿದೆ. ಆದರೂ ಕೋಲು ಹಾಕಿ ಒಮ್ಮೆ ಜಗ್ಗಬೇಕು. “ನೋಡಿದ್ರೆ ಕೂತೈತಿ ಅನ್ನಿಸ್ತದ. ಜಗ್ಗಿದ್ರ ಗೊತ್ತಾಗ್ತದ.” ಮೇಸ್ತ್ರಿ ದೇವರನ್ನು ನಂಬುತ್ತಿದ್ದರು, ಹೆಂಡತಿಯನ್ನು ನಂಬುತ್ತಿದ್ದರು, ಯೂನಿಯನ್ ನಾಯಕರನ್ನೂ ಅರ್ಧ ನಂಬುತ್ತಿದ್ದರು, ಪಿನ್ನನ್ನು ಮಾತ್ರ ನಂಬುತ್ತಿರಲಿಲ್ಲ.

ನನಗೆ ಬಹಳ ಇಷ್ಟವಾಗಿದ್ದದ್ದು ಇದಾದ ಮೇಲಿನ ಗಳಿಗೆ. ಬಳೆಗಳಲ್ಲಿ ಸ್ವಲ್ಪ ಸಡಿಲು ಇರಲೇಬೇಕು. ಎಲ್ಲ ಬಿಗಿಯಾಗಿದ್ದರೆ ಅಷ್ಟೂ ಬಂಡಿಯ ಭಾರ ಒಮ್ಮೆಲೇ ಬಿದ್ದು ಲೋಕೋದ ಗಾಲಿ ನಿಂತಲ್ಲೇ ತಿರುಗುತ್ತದೆ. ಸಡಿಲು ಇದ್ದರೆ ಮೊದಲ ಬಂಡಿ ಹೊರಡುತ್ತದೆ, ಅದು ಎರಡನೆಯದನ್ನು ಎಬ್ಬಿಸುತ್ತದೆ, ಎರಡನೆಯದು ಮೂರನೆಯದನ್ನು. ಟಣ್, ಟಣ್, ಟಣ್ ಎಂದು ಸದ್ದು ಕತ್ತಲೆಯೊಳಗೆ ಸಾಲುದ್ದಕ್ಕೂ ಹರಿದು ಬಾಲಕ್ಕೆ ಮುಟ್ಟುತ್ತದೆ. ಮೇಸ್ತ್ರಿ ಕಣ್ಣು ಮುಚ್ಚಿ ಅದನ್ನು ಎಣಿಸುತ್ತಿದ್ದರು. ಒಂದು ಟಣ್ ಕಡಿಮೆಯಾದರೆ ಕೈ ಮೇಲೆತ್ತುವರು. ಹೋಗಿ ನೋಡಿದರೆ ಕೊನೆಯ ಬಂಡಿ ಹಿಂದೆಯೇ ನಿಂತಿರುತ್ತಿತ್ತು, ಪಿನ್ನು ಹಾಕಿದವನು ಮನೆಯ ಸಾಲದ ಯೋಚನೆಯಲ್ಲಿದ್ದನೆಂದು ಸಾಕ್ಷಿ ಹೇಳುತ್ತ.

ಬೆರಳು ಹೋಗುವ ಕತೆ ಹಟ್ಟಿಯದಷ್ಟೇ ಅಲ್ಲ, ನಮ್ಮ ದೇಶದ್ದಷ್ಟೇ ಅಲ್ಲ. ಅಮೆರಿಕದ ರೈಲುಗಳು ಒಂದು ಕಾಲದಲ್ಲಿ ನಮ್ಮ ಗಣಿಬಂಡಿಯಂತೆಯೇ ಬಳೆ-ಪಿನ್ನಿನ ಮೇಲೇ ಓಡುತ್ತಿದ್ದವು. ಡಬ್ಬಿಗಳ ನಡುವೆ ನಿಂತು ಬಳೆ ಹಿಡಿದು ಪಿನ್ನು ಹಾಕುವ ಕೆಲಸಕ್ಕೆ ಬಂದವನಿಗೆ ಬೆರಳು ಪೂರ್ತಿ ಇದ್ದರೆ ಹೊಸಬ, ಕಡಿಮೆ ಇದ್ದರೆ ಅನುಭವಸ್ಥ ಎಂದು ಲೆಕ್ಕ ಹಾಕುತ್ತಿದ್ದರಂತೆ. ಜಾನ್ನಿ ಎಂಬಾತ 1873ರಲ್ಲಿ, ಎರಡು ಕೈ ಬೆರಳು ಮಡಿಸಿ ಒಂದಕ್ಕೊಂದು ಕೊಕ್ಕೆ ಹಾಕಿದಂತೆ ತಾನಾಗಿ ಕಚ್ಚಿಕೊಳ್ಳುವ ಜೋಡಣೆಗೆ ಪೇಟೆಂಟು ಪಡೆದ. ಅದು ಇದ್ದರೂ ಕಂಪನಿಗಳು ದುಡ್ಡಿನ ಮುಖ ನೋಡಿ ಸುಮ್ಮನಿದ್ದವು. ಕಡೆಗೆ 1893ರಲ್ಲಿ ಕಾನೂನೇ ಬರಬೇಕಾಯಿತು. ಇಪ್ಪತ್ತು ವರ್ಷ! ಅಷ್ಟರಲ್ಲಿ ಎಷ್ಟು ಬೆರಳು ಹೋದವೋ. ಬೆರಳಿನ ಬೆಲೆ ಕಬ್ಬಿಣಕ್ಕಿಂತ ಅಗ್ಗವಾಗಿರುವವರೆಗೆ ಯಾವ ಕಂಪನಿಯೂ ಹೊಸ ಕಬ್ಬಿಣ ಕೊಳ್ಳುವುದಿಲ್ಲ ಎಂದು ನಾನು ಯೂನಿಯನ್ ಸಭೆಯಲ್ಲಿ ಒಮ್ಮೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಮೇಸ್ತ್ರಿ ಚಪ್ಪಾಳೆ ತಟ್ಟಲಿಲ್ಲ. ಆ ಕೈಯಲ್ಲಿ ಸದ್ದು ಸರಿಯಾಗಿ ಬರುವುದಿಲ್ಲ ಎಂದರು.

ಹಟ್ಟಿಯ ಸೀಮೆಗೆ ಪಿನ್ನಿನ ಮಹಿಮೆ ಹೊಸದಲ್ಲ. ಕೃಷ್ಣೆಯ ಆಚೆ ದಡಕ್ಕೆ ಸುರಪುರದ ಕಡೆ ಮುದನೂರು ಇದೆ, ಜೇಡರ ದಾಸಿಮಯ್ಯನ ಊರು. ನೂಲಿನ ಕೆಲಸದವನಾಗಿಯೂ ಆತ ಬಂಡಿಯ ಕಡೆಗೀಲನ್ನು ವಚನಕ್ಕೆ ತಂದ. ಗಾಲಿಯನ್ನು ಎಲ್ಲರೂ ನೋಡುತ್ತಾರೆ, ಗಾಲಿ ಕಳಚದಂತೆ ತಡೆಯುವ ಆ ತುಂಡು ಕಬ್ಬಿಣವನ್ನು ನೋಡಲು ದಾಸಿಮಯ್ಯನೇ ಬೇಕಾಯಿತು. ನಮ್ಮ ಮೇಸ್ತ್ರಿಗೆ ಈ ವಚನ ಬಾಯಿಗೆ ಬರುತ್ತಿತ್ತು. ಸುರಕ್ಷಾ ಸಪ್ತಾಹದಲ್ಲಿ ಅಧಿಕಾರಿಗಳು ಇಂಗ್ಲಿಷಿನಲ್ಲಿ ಭಾಷಣ ಮಾಡಿ ಇಳಿದ ಮೇಲೆ ಇವರು ಹತ್ತಿ ವಚನ ಹೇಳಿ ಇಳಿಯುತ್ತಿದ್ದರು. ಕೂಲಿಕಾರರಿಗೆ ನೆನಪಿರುತ್ತಿದ್ದದ್ದು ಯಾವುದೆಂದು ಬೇರೆ ಹೇಳಬೇಕಿಲ್ಲ.

2001ರ ಫೆಬ್ರವರಿ ಕೊನೆಯಲ್ಲಿ ಕೋಲಾರದ ಗಣಿ ಮುಚ್ಚಿತು. ಸುದ್ದಿ ಬಂದ ಪಾಳಿಯಲ್ಲಿ ನಮ್ಮಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. 1880ರಿಂದ ಜಾನ್ ಟೇಲರ್ ಕಂಪನಿ ಕೊರೆಯಲು ಹಿಡಿದು, ಮುಂದೆ ಮೂರು ಕಿಲೋಮೀಟರಿಗೂ ಆಳಕ್ಕೆ ಮುಟ್ಟಿದ್ದ ಗಣಿ. ಅಲ್ಲಿ ಪಿನ್ನು ಹಾಕುತ್ತಿದ್ದವರೆಲ್ಲ ಎಲ್ಲಿ ಹೋದರು? ಬೆಂಗಳೂರಿನ ರೈಲು ಹತ್ತಿ ಕಾವಲುಗಾರರಾಗಿ, ಕೂಲಿಗಳಾಗಿ ಹೋದರು. ದೇಶದಲ್ಲಿ ಹೇಳಿಕೊಳ್ಳುವ ಚಿನ್ನದ ಗಣಿ ಎಂದರೆ ಹಟ್ಟಿಯೇ ಆಯಿತು. ಹೆಮ್ಮೆಪಡಬೇಕಾದ ಹೊತ್ತು. ನಮಗೇಕೋ ಆ ದಿನ ಸಾಲಿನಲ್ಲಿ ಒಂದು ಟಣ್ ಕಡಿಮೆಯಾದಂತೆ ಅನಿಸಿತು.

ನಿವೃತ್ತಿಯಾಗಿ ಊರಿಗೆ ಬಂದೆ. ಗುಡವಿಗೆ ಜನ ಬರುವುದು ಹಕ್ಕಿ ನೋಡಲು. ಮಳೆಗಾಲದಿಂದ ಚಳಿಗಾಲದವರೆಗೆ ಕೆರೆಯ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ ಎಲ್ಲ ಗೂಡು ಕಟ್ಟಿ ಸಂತೆ ನಡೆಸುತ್ತವೆ. ಕಡ್ಡಿಯ ಮೇಲೆ ಕಡ್ಡಿ ಇಡುತ್ತವೆ. ಇಟ್ಟ ಕಡ್ಡಿಯನ್ನು ಒಮ್ಮೆ ಕೊಕ್ಕಿನಿಂದ ಎಳೆದು ನೋಡುತ್ತವೆ. ನನಗೆ ಅವುಗಳ ಮೇಲೆ ಗೌರವ ಬಂದದ್ದು ಆ ಕಾರಣಕ್ಕೆ. ರೈಲಾದರೂ ಸಿಗುತ್ತದೇನೋ ಎಂದು ತಾಳಗುಪ್ಪಕ್ಕೆ ಹೋಗಿದ್ದೆ. ಅದು ಮೀಟರ್ ಗೇಜ್ ಇದ್ದ ಕಾಲದ ಕೊನೆ. ಶಿವಮೊಗ್ಗಕ್ಕೆ ಹೋಗಿ ಬರುತ್ತಿದ್ದದ್ದು ರೈಲು ಬಸ್ಸು. ಒಂದೇ ಡಬ್ಬಿ. ಹಿಂದೆ ಇಲ್ಲ, ಮುಂದೆ ಇಲ್ಲ. ಸಿಕ್ಕಿಸಲು ಎರಡನೆಯದೇ ಇಲ್ಲದ ರೈಲಿನ ಮುಂದೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ನನಗೆ ನನ್ನ ಪಿಂಚಣಿ ಪುಸ್ತಕ ಓದಿದ ಹಾಗಾಯಿತು. 2011ರಲ್ಲಿ ಬ್ರಾಡ್‌ಗೇಜ್ ಬಂತು, ಉದ್ದದ ರೈಲು ಬಂತು. ನಿಜ. ಆದರೆ ಆ ಡಬ್ಬಿಗಳಿಗೆ ನನ್ನ ಪಿನ್ನು ಬೇಡ.

ಮನೆಯಲ್ಲಿ ನನ್ನ ವಿದ್ಯೆಗೆ ಅವಕಾಶ ಕಡಿಮೆ. ಗ್ಯಾಸಿನ ರೆಗ್ಯುಲೇಟರು ಕೂರಿಸಿದ ಮೇಲೆ ಜಗ್ಗಿ ನೋಡುತ್ತೇನೆ. ದನದ ಕಣ್ಣಿ ಜಗ್ಗಿ ನೋಡುತ್ತೇನೆ. ದನ ತಿರುಗಿ ನೋಡುತ್ತದೆ. ಕರಿಮಣಿ ಮಾಡಿಸಲು ಸಾಗರದ ಅಂಗಡಿಗೆ ಹೋದಾಗ ಹೆಂಡತಿ ಡಿಸೈನು ನೋಡುತ್ತಿದ್ದಳು, ನಾನು ಹಿಂದಿನ ಕೊಕ್ಕೆ ಹಿಡಿದು ಎಳೆದೆ. ಅಂಗಡಿಯವನ ಮುಖ ಬಿಳಿಚಿತು. “ಇವರು ಗಣಿಯೋರು,” ಎಂದು ಹೆಂಡತಿ ಸಮಾಧಾನ ಹೇಳಿದಳು. ಅವನು ತಕ್ಷಣ ಅವಳ ಕೊರಳು ನೋಡಿದ.

ಆದರೆ ರಸ್ತೆಗಿಳಿದರೆ ನನಗೆ ಕೈತುಂಬ ಕೆಲಸ. ಭತ್ತ, ಜೋಳ, ಶುಂಠಿ, ಅನಾನಸ್ ಎಲ್ಲ ಸಾಗುವುದು ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನಲ್ಲಿ, ಅದು ಟ್ರ್ಯಾಕ್ಟರಿಗೆ ಅಂಟಿರುವುದು ಒಂದೇ ಪಿನ್ನಿನಲ್ಲಿ. ಅದೇ ದವಡೆ, ಅದೇ ತೂತು. ಕ್ಲಿಪ್ಪಿನ ಜಾಗದಲ್ಲಿ ಏನೇನು ಕಂಡಿದ್ದೇನೆ! ಮೊಳೆ, ತಂತಿ, ಸುತಳಿ, ಬೇಲಿಯ ಗಳುವಿನ ಚೂರು, ಒಮ್ಮೆ ಊದುಬತ್ತಿ ಕಡ್ಡಿಗಳ ಒಂದು ಹಿಡಿ. ಎತ್ತಿನ ಗಾಡಿ ಹೊಡೆದ ಮುದುಕರಿಗೆ ಹಿಂಬಾರವಾದರೆ ಮೂಕಿ ಮೇಲೇಳುತ್ತದೆ ಎಂದು ಗೊತ್ತು. ಎರಡೇ ಗಾಲಿಯ ಟ್ರೇಲರಿಗೂ ಅದೇ ನ್ಯಾಯ: ಹೊರೆ ಹಿಂದೆ ಹೆಚ್ಚಾದರೆ ಮೂತಿ ಮೇಲೆದ್ದು ಪಿನ್ನನ್ನೂ ಎತ್ತುತ್ತದೆ. ಕ್ಲಿಪ್ಪು ಇಲ್ಲದಿದ್ದರೆ ಟ್ರ್ಯಾಕ್ಟರು ಸೊರಬಕ್ಕೆ, ಅನಾನಸ್ ಗದ್ದೆಗೆ. ಅದಕ್ಕೇ ನನ್ನ ಅಂಗಿಯ ಜೇಬಿನಲ್ಲಿ, ಬೇರೆಯವರು ಏಲಕ್ಕಿ ಇಡುವ ಕಡೆ, ನಾಲ್ಕಾರು ಕ್ಲಿಪ್ಪು ಇರುತ್ತವೆ. ಊರಿನ ಹುಡುಗರು ನನ್ನನ್ನು ಕಂಡರೆ ಗೇರು ಬದಲಿಸುತ್ತಾರೆ.

ಹೋದ ಮಳೆಗಾಲದಲ್ಲಿ ಹಟ್ಟಿಯಿಂದ ನನ್ನ ಹಳೆಯ ಜೊತೆಗಾರ ಬಂದಿದ್ದ. ಮೇಸ್ತ್ರಿಯ ಕೈಕೆಳಗೆ ನನ್ನ ಜೊತೆಗೇ ಬೈಸಿಕೊಂಡು ಕಲಿತವನು. ಜೋಳದ ರೊಟ್ಟಿಯ ಗಂಟು ಬಿಚ್ಚಿ, “ವೈನಿ, ಇಷ್ಟ್ ಮಳಿಯೊಳಗ ಹೆಂಗ ಇರ್ತೀರಿ?” ಎಂದು ಕೇಳಿದ. ಮೇಸ್ತ್ರಿ ಹೋದ ಸುದ್ದಿಯನ್ನು ಊಟವಾದ ಮೇಲೆ ಹೇಳಿದ. ಕೊನೆಗೆ ಮಂಚದ ಪಕ್ಕದ ಸಲೈನ್ ಬಾಟಲಿಯ ಕೊಕ್ಕೆ ತೋರಿಸಿ ‘ಜಗ್ಗಿ ನೋಡು’ ಎಂದಿದ್ದರಂತೆ. ನಾವಿಬ್ಬರೂ ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹೋಗಿ ಹಕ್ಕಿಯಾದರೂ ನೋಡಿ ಬನ್ನಿ ಎಂದು ಹೆಂಡತಿ ಎಬ್ಬಿಸಿದಳು.

ಕೆರೆಯ ದಾರಿಯಲ್ಲೇ ಶುಂಠಿ ತುಂಬಿದ ಟ್ರ್ಯಾಕ್ಟರೊಂದು ನಿಂತಿತ್ತು. ಹುಡುಗ ಮೊಬೈಲಿನಲ್ಲಿದ್ದ. ನಾನು ನೋಡುವುದಕ್ಕೆ ಮೊದಲೇ ಜೊತೆಗಾರ ಟ್ರೇಲರಿನ ಮೂತಿಯ ಹತ್ತಿರ ಕೂತಾಗಿತ್ತು. ಕ್ಲಿಪ್ಪಿನ ಜಾಗದಲ್ಲಿ ಹಳೆಯ ಸ್ಕ್ರೂಡ್ರೈವರು.

“ಏ ತಮ್ಮಾ, ಇಂಜಿನ್ ಬಂದ್ ಮಾಡು. ಗಾಲಿಗೆ ಕಲ್ಲ ಕೊಡು.”

“ಆರ್‌ಟಿಒದವ್ರಾ?” ಹುಡುಗ ಗಾಬರಿಯಿಂದ ನನ್ನ ಕಡೆ ನೋಡಿದ.

“ಅಲ್ಲ, ಗಣಿಯವರು,” ಎಂದೆ. ಅದರಿಂದ ಅವನಿಗೆ ಇನ್ನೂ ಭಯವಾಯಿತು. ಕಲ್ಲು ತಂದು ಕೊಟ್ಟ. ಜೊತೆಗಾರ ಸ್ಕ್ರೂಡ್ರೈವರು ಕಿತ್ತ, ನಾನು ಜೇಬಿನಿಂದ ಕ್ಲಿಪ್ಪು ಕೊಟ್ಟೆ, ಅವನು ಹಾಕಿದ. ಇಬ್ಬರೂ ಒಟ್ಟಿಗೇ ಕೈ ಮುಂದೆ ಚಾಚಿ ಜಗ್ಗಿದೆವು.

“ಎಷ್ಟಾಯ್ತು?” ಹುಡುಗ ಕೇಳಿದ.

“ದುಡ್ಡು ಬೇಡ.”

ಅವನು ನಮ್ಮಿಬ್ಬರ ಬಿಳಿ ಅಂಗಿ, ಪಂಚೆ ಎಲ್ಲ ಮೇಲಿಂದ ಕೆಳಗೆ ನೋಡಿದ. ಪಂಚಾಯ್ತಿ ಚುನಾವಣೆಯ ಮಾತು ಊರಲ್ಲಿ ಓಡಾಡುತ್ತಿದ್ದ ಕಾಲ.

“ಯಾವ ಪಾರ್ಟಿ ಮಾವ ನಿಮ್ದು?” ಎಂದ. “ನಮ್ಮನೇಲಿ ಆರು ಓಟು ಇದಾವೆ. ಇನ್ನೊಂದು ಟ್ರೇಲರೂ ಇದೆ.”

ಜೊತೆಗಾರ ನನ್ನ ಜೇಬಿಗೆ ತಾನೇ ಕೈ ಹಾಕಿ ಇನ್ನೊಂದು ಕ್ಲಿಪ್ಪು ತೆಗೆದು ಕೊಟ್ಟ.