ಘಾಟಿ ಹತ್ತುವ ಪಿಕಪ್, ಘಾಟಿ ಇಳಿಯುವ ಪಿಕಪ್

ಹಿಂದಿನ ಸಲ ಬೈಹುಲ್ಲಿನ ರೇಟಿನ ಬಗ್ಗೆ ಬರೆದಿದ್ದೆ. ಅದನ್ನು ಓದಿ ಫೋನ್ ಮಾಡಿದವರಲ್ಲಿ ಹೆಚ್ಚಿನವರು ಕೇಳಿದ್ದು ಹುಲ್ಲಿನ ವಿಷಯ ಅಲ್ಲ, ಗಾಡಿಯ ವಿಷಯ. "ಲೋಡ್ ಹಾಕಿಕೊಂಡು ಘಾಟಿ ಹತ್ತಲಿಕ್ಕೆ ಯಾವ ಪಿಕಪ್ ಒಳ್ಳೆಯದು ಮಾರಾಯ್ರೆ?" ಅಂತ. ನಾನೂ ಮಗನೂ ದೀಪಾವಳಿ ಕಳೆದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತೆಗೆಯುವ ಅಂದಾಜಿನಲ್ಲಿದ್ದೇವೆ. ಮನೆಯಲ್ಲಿರುವ ಸ್ವಲ್ಪ ಹಣ, ಉಳಿದದ್ದು ಸಾಲ. ಹಟ್ಟಿಯಲ್ಲಿ ನಾಲ್ಕು ದನ ಇಟ್ಟುಕೊಂಡವನಿಗೆ ಇದು ಸಣ್ಣ ಬಾಬ್ತು ಅಲ್ಲ. ಹಾಗಾಗಿ ಎರಡು ವರ್ಷದಿಂದ ಬಾಡಿಗೆ ಗಾಡಿಯಲ್ಲಿ ಹೋಗುವಾಗೆಲ್ಲ ಡ್ರೈವರ್ ಪಕ್ಕ ಕೂತು ನೋಡಿದ್ದನ್ನು, ಕೇಳಿದ್ದನ್ನು ಬರೆದಿಡುತ್ತಿದ್ದೆ. ಅದೇ ಇದು.

ನಮ್ಮ ಸಂಚಾರ ನಿಮಗೂ ಗೊತ್ತು. ಹೋಗುವಾಗ ಸುಲಿದ ತೆಂಗಿನಕಾಯಿ, ಅಡಿಕೆ ತೋಟದವರು ಹೇಳಿದ್ದರೆ ಮೀನಿನ ಗೊಬ್ಬರ. ಬರುವಾಗ ತೀರ್ಥಹಳ್ಳಿ ಕಡೆಯಿಂದ ಬೈಹುಲ್ಲು. ಎರ್ಮಾಳಿನಿಂದ ಪಡುಬಿದ್ರಿ, ಬೆಳ್ಮಣ್, ಕಾರ್ಕಳ, ಅಜೆಕಾರು, ಹೆಬ್ರಿ, ಸೋಮೇಶ್ವರ. ಅಲ್ಲಿಯವರೆಗೆ ಯಾವ ಗಾಡಿಯಾದರೂ ಸರಿ. ಅಲ್ಲಿಂದ ಮುಂದೆ ಆಗುಂಬೆಯ 14 ತಿರುವು. ಭಾರಿ ಲಾರಿಗಳನ್ನು ಆ ಘಾಟಿಯಲ್ಲಿ ಬಿಡುವುದಿಲ್ಲ. ಅದಕ್ಕೇ ನಮ್ಮಂಥ ಸಣ್ಣ ಲೋಡಿನವರಿಗೆ ಅಲ್ಲಿ ಪಿಕಪ್ ಬಿಟ್ಟರೆ ಬೇರೆ ಗತಿ ಇಲ್ಲ. ಬಜಗೋಳಿ, ಮಾಳ, ಎಸ್.ಕೆ. ಬಾರ್ಡರ್ ಮೇಲೆ ಶೃಂಗೇರಿಗೆ ಹೋಗುವ ದಾರಿ ಉಂಟು, ತಿರುವು ಆಗುಂಬೆಯಷ್ಟು ಬಿಗಿ ಅಲ್ಲ. ಆದರೆ ತೀರ್ಥಹಳ್ಳಿಗೆ ಅದು ಸುತ್ತು.

ಮಗ ಮೊಬೈಲಿನಲ್ಲಿ ಅಮೆರಿಕದ ಪಿಕಪ್‌ಗಳ ವಿಡಿಯೋ ತೋರಿಸುತ್ತಾನೆ. ಅಲ್ಲಿ ಪಿಕಪ್ ಅಂದರೆ ಹಿಂದೆ ದೊಡ್ಡ ಟ್ರೈಲರ್ ಎಳೆಯುವ ಗಾಡಿ. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ 11.4 ಮೈಲಿನ ಏರು ದಾರಿಯನ್ನೇ ಪರೀಕ್ಷೆಗೆ ಇಟ್ಟಿದ್ದಾರೆ. ಎಸಿ ಪೂರ್ತಿ ಹಾಕಿ, ಟ್ರೈಲರ್ ಕಟ್ಟಿ, ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯದೆ ಹತ್ತಬೇಕಂತೆ. ಅವರ ಡೀಸೆಲ್ ಎಂಜಿನ್ ಒಂದೊಂದು 6.7 ಲೀಟರ್. ನಮ್ಮ ಆಗುಂಬೆಯಲ್ಲಿ 40 ಮೈಲಿನಲ್ಲಿ ಹೋದರೆ ಮೊದಲ ತಿರುವಿನಲ್ಲೇ ಕಾಡಿನೊಳಗೆ. ನಮ್ಮಲ್ಲಿ ಎಳೆಯುವ ಕೆಲಸ ಟ್ರ್ಯಾಕ್ಟರಿನದ್ದು, ಪಿಕಪ್ ಬೆನ್ನ ಮೇಲೆ ಹೊರುವುದು. ಅವರ ಲೆಕ್ಕ ನಮಗೆ ಬರುವುದಿಲ್ಲ, ನಾವೇ ಲೆಕ್ಕ ಹಾಕಬೇಕು.

ಲೆಕ್ಕ ಹಾಗೇನೂ ಕಷ್ಟ ಇಲ್ಲ. ಒಂದು ಎಚ್‌ಪಿ ಅಂದರೆ 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಶಕ್ತಿ. ಗಾಡಿ, ಲೋಡು ಸೇರಿ ಮೂರು ಟನ್ ಅಂತ ಇಟ್ಟುಕೊಳ್ಳಿ. ಸೋಮೇಶ್ವರದಿಂದ ಮೇಲೆ ಅಂದಾಜು 500 ಮೀಟರ್ ಎತ್ತರ, ಏರು ಹತ್ತಿ ಮುಗಿಸಲಿಕ್ಕೆ 20 ನಿಮಿಷ. 3000ಕ್ಕೆ 500 ಗುಣಿಸಿ, 1200 ಸೆಕೆಂಡಿನಿಂದ ಭಾಗಿಸಿ, ಮತ್ತೆ 75ರಿಂದ ಭಾಗಿಸಿ. ಬರುವುದು ಸುಮಾರು 17. ಟಯರ್ ಉಜ್ಜಾಟ, ಗೇರಿನಲ್ಲಿ ಹೋಗುವ ನಷ್ಟ ಎಲ್ಲ ಸೇರಿಸಿ ಮೂವತ್ತು ಅನ್ನಿ. ಬೊಲೆರೊ ಪಿಕಪ್‌ನ ಎರಡೂವರೆ ಲೀಟರ್ ಎಂಜಿನ್ 75 ಎಚ್‌ಪಿ. ಟಾಟಾ ಯೋಧ 2.2 ಲೀಟರ್, 100 ಎಚ್‌ಪಿ. ಅಂದರೆ ಹತ್ತುವ ಶಕ್ತಿ ಎರಡರಲ್ಲೂ ಬೇಕಾದ್ದಕ್ಕಿಂತ ಹೆಚ್ಚೇ ಉಂಟು. ಹಾಗಾಗಿ "ನಮ್ಮದು ನೂರು ಎಚ್‌ಪಿ" ಅಂತ ಯಾರಾದರೂ ಹೇಳಿದರೆ ಕೇಳಿ ಸುಮ್ಮನಿರಿ.

ಹಾಗಾದರೆ ಗಾಡಿ ತಿರುವಿನಲ್ಲಿ ಯಾಕೆ ನಿಲ್ಲುತ್ತದೆ? ಅಲ್ಲಿ ಬೇಕಾದದ್ದು ಬೇರೆ. ತಿರುವಿನ ಒಳಬದಿ ಏರು ಜೋರು, ಎದುರಿನಿಂದ ಬಸ್ಸು ಬಂತು, ನೀವು ನಿಲ್ಲಿಸಿದಿರಿ. ಈಗ ಎಂಜಿನ್ ಸುತ್ತುವುದು ನಿಧಾನ, ಟರ್ಬೊ ಇನ್ನೂ ಎದ್ದಿಲ್ಲ, ಆ ಹೊತ್ತಿಗೆ ಎಷ್ಟು ತಿರುಚುವ ಬಲ ಸಿಗುತ್ತದೆ ಅನ್ನುವುದೇ ಪ್ರಶ್ನೆ. ಅದನ್ನೇ ಟಾರ್ಕ್ ಅನ್ನುವುದು. ಕಂಬಳದ ಕೋಣ ಬೇರೆ, ಗದ್ದೆ ಉಳುವ ಕೋಣ ಬೇರೆ, ನಮಗೆ ಹೇಳಿಕೊಡಬೇಕಾ? ಬೊಲೆರೊ ಪಿಕಪ್‌ಗೆ 200 ನ್ಯೂಟನ್ ಮೀಟರ್, 1400 ಸುತ್ತಿನಿಂದಲೇ ಸಿಗುತ್ತದೆ. ಯೋಧಕ್ಕೆ 250. ಯೋಧದಲ್ಲಿ ಕೂತಾಗ ಇದು ಗೊತ್ತಾಯಿತು. ಎರಡು ಸಾವಿರ ಕಾಯಿ ಹಾಕಿ, ಅಂದರೆ ಒಂದು ಟನ್‌ಗಿಂತ ಸ್ವಲ್ಪ ಮೇಲೆ, ನಿಂತಲ್ಲಿಂದ ಅರ್ಧ ಕ್ಲಚ್ಚಿನಲ್ಲಿ ಒದ್ದಾಡದೆ ಎದ್ದಿತು. ಬೊಲೆರೊದಲ್ಲಿ ಅದೇ ಕಾಯಿಗೆ ಡ್ರೈವರ್ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಎಬ್ಬಿಸಬೇಕಾಯಿತು, ಅಷ್ಟೇ. ದೋಸ್ತ್ ಮೂರು ಸಿಲಿಂಡರ್, ಒಂದೂವರೆ ಲೀಟರ್. ಒಂದನೇ ಗೇರು ಬಿಡದೆ ಹತ್ತಿತು, ಗಿಡ್ಡ ಗಾಡಿಯಾದ್ದರಿಂದ ತಿರುವು ಹೊಡೆಯಲಿಕ್ಕೆ ಸುಲಭ. ಹಳೆ ಟಾಟಾ ಏಸ್, 2005ರಲ್ಲಿ ಬಂದದ್ದು, ಎರಡು ಸಿಲಿಂಡರ್, ಬರೀ 16 ಎಚ್‌ಪಿ. ಮುಕ್ಕಾಲು ಟನ್ ಒಳಗೆ ಹಾಕಿದರೆ ಅದೂ ಹತ್ತುತ್ತದೆ, ಹಿಂದೆ ಬರುವವರ ಹಾರ್ನ್ ಕೇಳಿಕೊಂಡು. ಊರೊಳಗೆ ಹಾಲು, ಗೊಬ್ಬರ, ಬಾಳೆಗೊನೆಗೆ ಅದಕ್ಕಿಂತ ಒಳ್ಳೆ ಗಾಡಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಾಲ್ಕು ಚಕ್ರಕ್ಕೂ ಡ್ರೈವ್ ಇರುವುದು ಬೇಕಾ ಅಂತ ಉಚ್ಚಿಲದವರೊಬ್ಬರು ಕೇಳಿದ್ದಾರೆ. ಡಾಂಬರು ದಾರಿಗೆ ಬೇಡ. ಮಳೆಗಾಲದಲ್ಲಿ ಗದ್ದೆಗೇ ಇಳಿಸುತ್ತೀರಾದರೆ ನೋಡಿ.

ಇನ್ನು ಮುಖ್ಯ ವಿಷಯ. ನನ್ನ ಭಾವ ಹೆಬ್ರಿ ಕಡೆಯವರು, ಮೂವತ್ತು ವರ್ಷದಿಂದ ಆ ಘಾಟಿಯಲ್ಲಿ ಗಾಡಿ ಓಡಿಸಿದವರು. ನಾನು ಟಾರ್ಕು, ಎಚ್‌ಪಿ ಅಂತ ಬರೆದ ಪುಸ್ತಕ ತೋರಿಸಿದಾಗ ಅವರು ಹೇಳಿದ್ದು ಒಂದೇ ಮಾತು. "ಭಾವ, ಹತ್ತಲಿಕ್ಕೆ ಆಗದಿದ್ದರೆ ಗಾಡಿ ನಿಲ್ಲುತ್ತದೆ. ಇಳಿಯಲಿಕ್ಕೆ ಆಗದಿದ್ದರೆ ನಿಲ್ಲುವುದಿಲ್ಲ."

ಯೋಚನೆ ಮಾಡಿ ನೋಡಿದೆ. ಹತ್ತುವಾಗ ಎಂಜಿನ್ ಕೊಟ್ಟ ಆ 17 ಎಚ್‌ಪಿ ಇಳಿಯುವಾಗ ಎಲ್ಲಿಗೆ ಹೋಗುತ್ತದೆ? ಎಲ್ಲ ಬಿಸಿಯಾಗಿ ಹೋಗಬೇಕು. ವಾಟಿನ ಲೆಕ್ಕದಲ್ಲಿ ಹನ್ನೆರಡು ಸಾವಿರ ಚಿಲ್ಲರೆ. ಎರಡು ಸಾವಿರ ವಾಟಿನ ಗೀಸರ್ ಆರು, ಇಪ್ಪತ್ತು ನಿಮಿಷ ಒಟ್ಟಿಗೆ ಉರಿದ ಹಾಗೆ. ಆ ಬಿಸಿಯಲ್ಲಿ ಎಂಜಿನ್ ಎಷ್ಟು ತೆಗೆದುಕೊಳ್ಳುತ್ತದೋ ಅಷ್ಟು ಬ್ರೇಕಿಗೆ ಕಡಿಮೆ. ಅದಕ್ಕೇ ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹಳಬರು ಹೇಳುವುದು. ದೊಡ್ಡ ಲಾರಿಗಿರುವ ಎಕ್ಸಾಸ್ಟ್ ಬ್ರೇಕ್ ನಮ್ಮ ಸಣ್ಣ ಪಿಕಪ್‌ಗಳಲ್ಲಿ ಕಾಣಲಿಕ್ಕೆ ಸಿಗುವುದಿಲ್ಲ, ಗೇರೇ ನಮ್ಮ ಬ್ರೇಕು. ಕೆಲವು ಹುಡುಗರು ಡೀಸೆಲ್ ಉಳಿಸಲಿಕ್ಕೆ ನ್ಯೂಟ್ರಲ್ ಮಾಡಿ ಬಿಡುತ್ತಾರೆ. ಅವರ ಗಾಡಿಯಲ್ಲಿ ನಾನು ಎರಡನೇ ಸಲ ಕೂರುವುದಿಲ್ಲ. ಹೊಸ ಡೀಸೆಲ್ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹೋಗುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿಯೇ ಎಂಜಿನ್ ಸುಮ್ಮನೆ ಕುಡಿಯುವುದು.

ಬ್ರೇಕ್ ಆಯಿಲ್ ಇನ್ನೊಂದು. ಅದು ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಕುದಿದರೆ ಪೆಡಲ್ ಬೆಣ್ಣೆ ಒತ್ತಿದ ಹಾಗೆ ಕೆಳಗೆ ಹೋಗುತ್ತದೆ. ಸಮುದ್ರದ ಬದಿಯ ನಮ್ಮ ಗಾಳಿಯಲ್ಲಿ ತೇವಕ್ಕೆ ಬರವಾ? ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಮೇಲಿಂದ ಮೇಲೆ ಹೊಯ್ದರೆ ಸಾಲದು.

ನಾವು ಇಳಿಯುವುದು ಹುಲ್ಲು ಹೇರಿಕೊಂಡು. ಮೆಷಿನ್ ಸುತ್ತಿದ ಸುರುಳಿ ಒಂದೊಂದು ಹದಿನೈದರಿಂದ ಇಪ್ಪತ್ತು ಕಿಲೋ. ಅರುವತ್ತು ಹಾಕಿದರೂ ಟನ್ ಆಸುಪಾಸು, ತೂಕದ ಲೆಕ್ಕದಲ್ಲಿ ಕಾಯಿಗಿಂತ ಹೆಚ್ಚಲ್ಲ. ಆದರೆ ಕಾಯಿ ಬಾಡಿಯೊಳಗೆ ಕೂರುತ್ತದೆ, ಹುಲ್ಲು ಕ್ಯಾಬಿನಿನ ಮೇಲೆ ಏಳುತ್ತದೆ. ತಿರುವಿನಲ್ಲಿ ಹೊರಗೆ ವಾಲುವುದು ಕೂತವನ ಹೊಟ್ಟೆಗೆ ಗೊತ್ತಾಗುತ್ತದೆ. ದೋಸ್ತ್ ಹತ್ತುವಾಗ ನನಗೆ ಇಷ್ಟವಾಯಿತು, ಹುಲ್ಲು ಹೇರಿ ಇಳಿಯುವಾಗ ಬೊಲೆರೊ, ಯೋಧದ ಉದ್ದ ಬಾಡಿಯೇ ಸಮಾಧಾನ. ಅದೇ ಅರುವತ್ತು ಸುರುಳಿ ಉದ್ದ ಬಾಡಿಯಲ್ಲಿ ಒಂದು ಸಾಲು ಕೆಳಗೆ ಕೂರುತ್ತದೆ. ನೂರು ಸುರುಳಿ ಏರಿಸಿ ಬಾಡಿಗೆ ಉಳಿಸುವವರಿದ್ದಾರೆ. 2019ರ ತಿದ್ದುಪಡಿಯ ಮೇಲೆ ಓವರ್‌ಲೋಡಿಗೆ ದಂಡ ಇಪ್ಪತ್ತು ಸಾವಿರ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ ಎರಡು ಸಾವಿರ. ಎಷ್ಟು ಲೀಟರ್ ಹಾಲು ಅಂತ ನೀವೇ ಲೆಕ್ಕ ಹಾಕಿ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಒಂದು ಮಾತು. ನಮ್ಮಲ್ಲಿ ಕಡಿಮೆ ರೇಟಿಗೆ ಸಿಗುವ ಪಿಕಪ್‌ಗಳಲ್ಲಿ ಮೀನು ಸಾಗಿಸಿದ ಗಾಡಿ ತುಂಬಾ ಇರುತ್ತದೆ. ಪೈಂಟ್ ಹೊಡೆದು ಹೊಸ ಮದುಮಗನ ಹಾಗೆ ನಿಲ್ಲಿಸಿರುತ್ತಾರೆ. ಮಂಜುಗಡ್ಡೆ ಕರಗಿದ ಉಪ್ಪುನೀರು ವರ್ಷಗಟ್ಟಲೆ ಚಾಸಿಸ್ ಮೇಲೆ ಸೋರಿರುತ್ತದೆ. ಕೆಳಗೆ ಗೋಣಿ ಹಾಸಿ ಮಲಗಿ ನೋಡಿ. ಸ್ಪ್ಯಾನರಿನಿಂದ ಚಾಸಿಸ್ ತಟ್ಟಿ. ಟಣ್ ಅಂದರೆ ಸರಿ, ದಬ್ ಅಂದರೆ ಎದ್ದು ಬನ್ನಿ. ಹಿಂದಿನ ಆಕ್ಸಲ್‌ಗೆ ಹೋಗುವ ಬ್ರೇಕ್ ಪೈಪು ಉಗುರಿನಿಂದ ಕೆರೆದು ನೋಡಿ, ಪುಡಿ ಉದುರಿದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬೇಡ. ಕಾರ್ಕಳದ ಆಚೆ ಕಲ್ಲು, ಹುಲ್ಲು ಸಾಗಿಸಿದ ಗಾಡಿಯಲ್ಲಿ ಪ್ಲೇಟು ಸೋತಿರಬಹುದು, ಅದನ್ನು ಹೊಸದಾಗಿ ಹಾಕಿಸಬಹುದು. ಚಾಸಿಸ್ ಹಾಕಿಸಲಿಕ್ಕೆ ಆಗುವುದಿಲ್ಲವಲ್ಲ.

ನಮ್ಮ ಮಟ್ಟಿಗೆ ಬೊಲೆರೊ ಅಂತ ತೀರ್ಮಾನ ಆಗಿದೆ. ಯೋಧ ಹತ್ತುವುದರಲ್ಲಿ ಮುಂದೆ ಅನ್ನುವುದು ನನಗೆ ಅನುಮಾನ ಇಲ್ಲ. ಆದರೆ ಹೆಬ್ರಿ, ತೀರ್ಥಹಳ್ಳಿ, ಪಡುಬಿದ್ರಿ, ಮೂರೂ ಕಡೆ ನನಗೆ ಪರಿಚಯದ ಮೆಕ್ಯಾನಿಕ್‌ಗಳ ಕೈ ಬೊಲೆರೊದಲ್ಲೇ ಪಳಗಿದ್ದು. ಮಗನಿಗೆ ಇನ್ನೂ ನೂರು ಎಚ್‌ಪಿಯ ಆಸೆ ಹೋಗಿಲ್ಲ. ಒಳ್ಳೆ ಚಾಸಿಸ್ ಇರುವ ಯೋಧ ನಮ್ಮ ರೇಟಿಗೆ ಸಿಕ್ಕಿದರೆ ನಾನು ಬೇಡ ಅನ್ನುವುದಿಲ್ಲ ಅಂತ ಹೇಳಿದ್ದೇನೆ.

ಕಾರ್ಕಳ ಕಡೆ ಎರಡು ಗಾಡಿ ಉಂಟು ಅಂತ ಸುದ್ದಿ ಬಂದಿದೆ, ಭಾನುವಾರ ಭಾವನನ್ನೂ ಕರೆದುಕೊಂಡು ನೋಡಲಿಕ್ಕೆ ಹೋಗುತ್ತೇವೆ. ಗೋಣಿ, ಸ್ಪ್ಯಾನರ್ ಎರಡೂ ತೆಗೆದಿಟ್ಟಿದ್ದೇನೆ. ಡಿಸೆಂಬರಿನಲ್ಲಿ ಮೊದಲ ಲೋಡು ಹುಲ್ಲು ತರುವ ಅಂದಾಜು, ಪಡುಬಿದ್ರಿಯಿಂದ ಕಾಪುವಿನ ತನಕ ಹತ್ತಿಪ್ಪತ್ತು ಸುರುಳಿ ಬೇಕಾದವರು ಈಗಲೇ ಹೇಳಿ. ಅರುವತ್ತಕ್ಕಿಂತ ಹೆಚ್ಚು ಹಾಕುವುದಿಲ್ಲ.