ನೋವಿಗೆ ಎಷ್ಟು ಹೆಸರು

ವಿಳಿಂಜಂನ ನಮ್ಮ ಬಾಡಿಗೆಮನೆಯ ಅಡುಗೆಕೋಣೆಯ ಗೋಡೆಗೆ ಒಂದು ಹಾಳೆಯನ್ನು ಅಂಟಿಸಿದ್ದೇವೆ. ಅದರಲ್ಲಿ ನಲವತ್ತು ಪದಗಳಿವೆ. ಎಡಬದಿಗೆ ಕನ್ನಡದ ಪದ, ಆದರೆ ಮಲಯಾಳಂ ಲಿಪಿಯಲ್ಲಿ. ಬಲಬದಿಗೆ ಅದರ ಅರ್ಥ. ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ಕೆಲವು ಜಪಾನಿ ಅಕ್ಷರಗಳು. ಮನೆಗೆ ಬಂದವರು ಇದೇನೆಂದು ಕೇಳಿದಾಗ ನಾನು ಸಾಮಾನ್ಯವಾಗಿ ಮಾತು ತೇಲಿಸಿಬಿಡುತ್ತೇನೆ. ನನ್ನ ತಾಯಿಗೆ ಬೇಕಾದ ನಲವತ್ತು ಕನ್ನಡ ಪದಗಳನ್ನು ಪಟ್ಟಿಮಾಡುವುದಕ್ಕೆ ನಾನು ಮೊದಲು ಜಪಾನಿ ಭಾಷೆಯನ್ನು ಕಲಿಯಬೇಕಾಯಿತು ಎಂದು ಹೇಳಿಕೊಳ್ಳಲು ಸಂಕೋಚ. ಇಲ್ಲಿ ಓದುವವರೆಲ್ಲರೂ ನನ್ನಂತೆ ಹೊರನಾಡಿನಲ್ಲಿ ಮನೆ ಹೂಡಿದವರಾದ್ದರಿಂದ ಆ ಸಂಕೋಚವನ್ನು ಬದಿಗಿಟ್ಟು ಹೇಳುತ್ತೇನೆ.

ಕೇಂದ್ರ ಸರ್ಕಾರದ ನೌಕರನಾದ ನನಗೆ ತಿರುವನಂತಪುರಕ್ಕೆ ವರ್ಗವಾಗಿ ಆರು ವರ್ಷಗಳಾದವು. ಕಛೇರಿಯ ಮಾತು ಇಂಗ್ಲಿಷಿನಲ್ಲಿ, ಸುತ್ತೋಲೆ ಹಿಂದಿಯಲ್ಲಿ, ಮೀನಿನವಳೊಡನೆ ಮಾತು ಬೆರಳೆಣಿಕೆಯಲ್ಲಿ. ಹೀಗಾಗಿ ಮಲಯಾಳಂ ನನಗೆ ಅಕ್ಷರಗಳ ಮಟ್ಟಿಗೆ ಬಂದಿತೇ ವಿನಾ ನಾಲಿಗೆಗೆ ಬರಲಿಲ್ಲ. ಕೆಳಗಿನ ಮನೆಯಲ್ಲಿ ನರ್ಸಿಂಗ್ ಮುಗಿಸಿದ ಹುಡುಗಿಯೊಬ್ಬಳಿದ್ದಾಳೆ. ಇಲ್ಲಿನ ನರ್ಸುಗಳು ಹಿಂದೆ ಕೊಲ್ಲಿ ದೇಶಗಳಿಗೆ ಹೋದರು, ಆಮೇಲೆ ಇಂಗ್ಲೆಂಡು, ಜರ್ಮನಿಗಳಿಗೆ ಹೋದರು. ಇವಳ ಕಣ್ಣು ಜಪಾನಿನ ಮೇಲೆ. 2021ರ ಜನವರಿಯಲ್ಲಿ ಭಾರತವೂ ಜಪಾನೂ ನಿರ್ದಿಷ್ಟ ಕೌಶಲದ ಕೆಲಸಗಾರರ ಬಗ್ಗೆ ಒಂದು ಒಡಂಬಡಿಕೆ ಮಾಡಿಕೊಂಡವು. ಅದರಲ್ಲಿ ಹೆಸರಿಸಿದ ಉದ್ಯೋಗಗಳಲ್ಲಿ ವೃದ್ಧರ ಆರೈಕೆಯೂ ಒಂದು. ಜಪಾನಿಯಲ್ಲಿ ಇದಕ್ಕೆ ‘ಕಾಯ್‌ಗೊ’ ಎನ್ನುತ್ತಾರೆ. ಆ ದೇಶದಲ್ಲಿ ನೂರಕ್ಕೆ ಸುಮಾರು 29 ಮಂದಿ ಅರವತ್ತೈದು ದಾಟಿದವರು. ನೋಡಿಕೊಳ್ಳುವ ಕೈಗಳು ಸಾಲವು. ಹೋಗಬೇಕಾದರೆ ಕೌಶಲದ ಪರೀಕ್ಷೆಯ ಜೊತೆಗೆ ಭಾಷೆಯ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ಐದು ಹಂತಗಳಿರುವ ಜಪಾನಿ ಭಾಷಾ ಪರೀಕ್ಷೆಯಲ್ಲಿ ಕೆಳಗಿನಿಂದ ಎರಡನೆಯದಾದ ಎನ್-4, ಇಲ್ಲವೇ ಅದಕ್ಕೆ ಸಮನಾದ ಇನ್ನೊಂದು ಪರೀಕ್ಷೆ.

ಜಪಾನಿ ಕಲಿಯುವುದು ಈ ನಾಡಿಗೆ ಹೊಸದಲ್ಲ. ವಿಳಿಂಜಂನಿಂದ ಅಷ್ಟೇನೂ ದೂರವಿಲ್ಲದ ನೆಯ್ಯಾಟಿನ್‌ಕರದ ಎ. ಎಂ. ನಾಯರ್ 1928ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಓದಲು ಹೋಗಿ, ಸ್ವಾತಂತ್ರ್ಯ ಹೋರಾಟದಲ್ಲಿ ತೊಡಗಿ, 1949ರಲ್ಲಿ ಟೋಕಿಯೋದ ಗಿಂಜಾ ಬೀದಿಯಲ್ಲಿ ಹೋಟೆಲು ತೆರೆದು ಅಲ್ಲಿಯವರಿಗೆ ‘ನಾಯರ್-ಸಾನ್’ ಆದವರು. ಕೊಚ್ಚಿಯ ಕಳಮಶ್ಶೇರಿಯಲ್ಲಿ, ಜಪಾನಿನಲ್ಲಿ ತರಬೇತಿ ಪಡೆದು ಬಂದವರೇ ಕಟ್ಟಿದ ನಿಪ್ಪಾನ್ ಕೇರಳ ಸೆಂಟರ್ ಇದೆ. ನಮ್ಮ ಹುಡುಗಿ ಕಲಿಯುತ್ತಿದ್ದುದು ಮಾತ್ರ ಮೊಬೈಲಿನಲ್ಲಿ. ತಾನು ಕಲಿತದ್ದನ್ನು ಒಪ್ಪಿಸಲು ಯಾರಾದರೂ ಬೇಕೆಂದು ಅವಳು ನನ್ನನ್ನು ಹಿಡಿದಳು. ಇಂಗ್ಲಿಷ್ ಎಂ.ಎ. ಮಾಡಿದವನಿಗೆ ಎಲ್ಲ ಭಾಷೆಗಳೂ ಬರುತ್ತವೆ ಎಂಬುದು ಅವಳ ನಂಬಿಕೆ.

ಒಪ್ಪಿಸಿಕೊಳ್ಳಲು ಕುಳಿತವನು ಕಲಿಯಲು ಕುಳಿತೆ. ಕಾರಣ, ಮೊದಲ ದಿನವೇ ಆದ ಬೆರಗು. ಜಪಾನಿ ವರ್ಣಮಾಲೆ ‘ಅ, ಇ, ಉ, ಎ, ಒ’ ಎಂದು ಆರಂಭವಾಗುತ್ತದೆ. ‘ಕ, ಸ, ತ, ನ, ಹ, ಮ, ಯ, ರ, ವ’ ಎಂದು ಮುಂದುವರಿಯುತ್ತದೆ. ‘ಸ’ ಇರುವಲ್ಲಿ ‘ಚ’ವನ್ನೂ ‘ಹ’ ಇರುವಲ್ಲಿ ‘ಪ’ವನ್ನೂ ಇಟ್ಟು ನೋಡಿದರೆ ಇದು ನಾವು ಮರಳಿನ ಮೇಲೆ ತಿದ್ದಿದ ಕ್ರಮವೇ. ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಸಿದ್ಧಂ ಲಿಪಿಯನ್ನೂ ಸಂಸ್ಕೃತದ ಧ್ವನಿಶಾಸ್ತ್ರವನ್ನೂ ಕಲಿತದ್ದರ ಗುರುತು ಇದು. ವಾಕ್ಯದ ನಡೆಯೂ ಹಾಗೆಯೇ ಪರಿಚಿತ. ‘ಇಎ ಕರ ಮಿನಾತೊ ಮದೆ’ ಎಂದರೆ ‘ಮನೆಯಿಂದ ಬಂದರಿನವರೆಗೆ’. ವಿಭಕ್ತಿ ಪದದ ಬೆನ್ನಿಗೆ ಬರುತ್ತದೆ, ಕ್ರಿಯಾಪದ ಕೊನೆಗೆ ಕಾದು ನಿಲ್ಲುತ್ತದೆ. ಜಪಾನಿಯೂ ತಮಿಳೂ ಬಂಧುಗಳೆಂದು ಸುಸುಮು ಓನೊ ಎಂಬ ವಿದ್ವಾಂಸರು ವಾದಿಸಿದ್ದುಂಟು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ಬಂಧುತ್ವ ಇರಲಿ ಬಿಡಲಿ, ಕನ್ನಡಿಗನಿಗೆ ಆ ಮನೆಯ ಒಳಾಂಗಣದಲ್ಲಿ ಕತ್ತಲಲ್ಲೂ ನಡೆದಾಡುವ ಧೈರ್ಯ ಬರುತ್ತದೆ.

ಕಷ್ಟವಿದ್ದದ್ದು ಪದಗಳಲ್ಲಿ. ದಿನಕ್ಕೆ ಹತ್ತರಂತೆ ಅಕ್ಷರಾನುಕ್ರಮದ ಪಟ್ಟಿಯೊಂದನ್ನು ಬಾಯಿಪಾಠ ಮಾಡಿದೆವು. ವಾರದ ಕೊನೆಗೆ ಎಪ್ಪತ್ತರಲ್ಲಿ ಹದಿನೈದೂ ಉಳಿಯಲಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಇಂಗ್ಲಿಷ್ ಪದಗಳನ್ನು ಉರುಹೊಡೆದ ನನ್ನ ಹಳೆಯ ವಿದ್ಯೆ ಇಲ್ಲಿ ನಡೆಯಲಿಲ್ಲ. ಆಗ ಹುಡುಗಿಯೇ ದಾರಿ ಕಂಡುಕೊಂಡಳು. ಪಟ್ಟಿಯನ್ನು ಬಿಟ್ಟು, ಹಾಸಿಗೆ ಹಿಡಿದ ಒಬ್ಬ ಮುದುಕಿಯ ಒಂದು ದಿನವನ್ನು ಹಿಡಿದಳು. ಮುದುಕಿ ಏಳುತ್ತಾಳೆ, ಏನು ಕೇಳುತ್ತಾಳೆ? ‘ಮಿಜು’, ನೀರು. ಬಿಸಿಯಾದರೆ ಅದು ‘ಮಿಜು’ ಅಲ್ಲ, ‘ಯು’. ಜಪಾನಿಯಲ್ಲಿ ಬಿಸಿನೀರಿಗೆ ಬೇರೆಯೇ ಹೆಸರು. ಮೈಗೆ ಆಗುವ ಚಳಿ ‘ಸಮುಇ’, ಕೈಗೆ ತಾಗುವ ತಣ್ಣಗಿನ ವಸ್ತು ‘ತ್ಸುಮೆತಾಯ್’. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು. ಕನ್ನಡದಲ್ಲಿ ಜಪಾನಿಯಂತೆಯೇ ಎರಡು. ‘ದೊಕೊ ಗ ಇತಾಯ್ ದೆಸು ಕ’, ಎಲ್ಲಿ ನೋವು? ತಲೆ ‘ಅತಮ’, ಹೊಟ್ಟೆ ‘ಒನಕ’, ಸೊಂಟ ‘ಕೊಶಿ’. ಈ ಕ್ರಮದಲ್ಲಿ ಕಲಿತದ್ದು ಮರೆಯಲಿಲ್ಲ. ಪ್ರತಿ ಪದಕ್ಕೂ ಅದನ್ನು ಕೇಳಿ ಎದ್ದು ಹೋಗಿ ಏನನ್ನಾದರೂ ತರಬೇಕಾದ ಒಬ್ಬ ಮನುಷ್ಯ ಇದ್ದನಲ್ಲ!

ನೋವಿನ ಅಧ್ಯಾಯಕ್ಕೆ ಬಂದಾಗ ನಾನು ಬೆಚ್ಚಿದೆ. ಜಪಾನಿಗಳು ಬರಿಯ ‘ನೋವು’ ಎಂದು ಹೇಳಿ ಸುಮ್ಮನಾಗುವುದಿಲ್ಲ. ನಾಡಿ ಬಡಿದಂತೆ ಬಡಿಯುವ ನೋವು ‘ಜುಕಿಜುಕಿ’, ಸೂಜಿ ಚುಚ್ಚಿದಂಥದು ‘ಚಿಕುಚಿಕು’, ಗಾಯ ಉರಿಯುವುದು ‘ಹಿರಿಹಿರಿ’, ತಲೆಯೊಳಗೆ ಗಂಟೆ ಹೊಡೆದಂಥದು ‘ಗಂಗಂ’. ಎದೆ ಹೊಡೆದುಕೊಳ್ಳುವುದು ‘ದೊಕಿದೊಕಿ’. ಹಸಿದ ಹೊಟ್ಟೆ ‘ಪೆಕೊಪೆಕೊ’. ಕಾಯ್‌ಗೊ ಮಾಡುವವರು ಇವುಗಳನ್ನು ತಿಳಿದಿರಲೇಬೇಕು, ಏಕೆಂದರೆ ಮುದುಕರು ಪುಸ್ತಕದ ಭಾಷೆಯಲ್ಲಿ ನರಳುವುದಿಲ್ಲ. ವರ್ಜೀನಿಯಾ ವುಲ್ಫ್ 1926ರಲ್ಲಿ ಕಾಯಿಲೆಯ ಬಗ್ಗೆ ಬರೆದ ಪ್ರಬಂಧದಲ್ಲಿ, ದೊಡ್ಡ ದುಃಖಗಳಿಗೆ ಮಾತು ಕೊಡುವ ಇಂಗ್ಲಿಷು ಸಣ್ಣ ತಲೆನೋವಿಗೆ ಬಡವಾಗುತ್ತದೆಂದು ದೂರಿದ್ದಾಳೆ. ಎಂ.ಎ. ತರಗತಿಯಲ್ಲಿ ಇದನ್ನು ಭಾಷೆಗಳೆಲ್ಲದರ ಸತ್ಯವೆಂದೇ ಓದಿದ್ದೆ. ಆ ರಾತ್ರಿ ಜಪಾನಿ ಪದಗಳ ಎದುರಿಗೆ ಕನ್ನಡವನ್ನು ಬರೆಯುತ್ತಾ ಹೋದಾಗ ನಮ್ಮಲ್ಲಿಯೂ ಆ ಬಡತನವಿಲ್ಲವೆಂದು ತಿಳಿಯಿತು: ಗಾಯ ಚುರುಚುರು, ಕಾಲು ಜುಮುಜುಮು, ಎದೆ ಢವಢವ, ತಲೆ ಧಿಂ, ಬೆನ್ನಿನಲ್ಲಿ ಚುಳುಕ್. ವ್ಯಾಕರಣದಲ್ಲಿ ಅನುಕರಣಾವ್ಯಯಗಳೆಂದು ಓದಿ ಬಿಟ್ಟ ಈ ಮಾತುಗಳನ್ನು ಕೊನೆಯ ಬಾರಿಗೆ ಯಾರ ಬಾಯಲ್ಲಿ ಕೇಳಿದ್ದೆ? ಅಮ್ಮನ ಬಾಯಲ್ಲಿ. ಅಮ್ಮ ಪಕ್ಕದ ಕೋಣೆಯಲ್ಲಿ ಮಲಗಿದ್ದಳು.

ಅಮ್ಮನ ಮಾತನ್ನು ಇಷ್ಟು ತಡವಾಗಿ ತಂದದ್ದು ಬರವಣಿಗೆಯ ದೋಷವಲ್ಲ. ಬದುಕಿನಲ್ಲಿಯೂ ಅದು ಅಷ್ಟೇ ತಡವಾಗಿ ಬಂದಿತು. ಅವಳಿಗೆ ಎಪ್ಪತ್ತೆಂಟು. ಅಪ್ಪ ಹೋದಮೇಲೆ ತೀರ್ಥಹಳ್ಳಿಯ ಮನೆಗೆ ಬೀಗ ಹಾಕಿ ನಮ್ಮೊಡನೆ ಬಂದಳು. ಒಂದು ಬದಿಯ ಕೈಕಾಲು ಅವಳ ಮಾತು ಕೇಳುವುದಿಲ್ಲ. ನಾನೂ ನನ್ನ ಹೆಂಡತಿಯೂ ಕಛೇರಿಗೆ ಹೋದಮೇಲೆ ಒಂಬತ್ತರಿಂದ ಆರರವರೆಗೆ ಅವಳನ್ನು ನೋಡಿಕೊಳ್ಳುವುದು ಇಲ್ಲಿನವರು ಹೋಂ ನರ್ಸ್ ಎಂದು ಕರೆಯುವ ಒಬ್ಬ ಹೆಂಗಸು. ನಾವೆಲ್ಲ ಚೇಚ್ಚಿ ಎನ್ನುತ್ತೇವೆ. ಒಳ್ಳೆಯವಳು, ಕೆಲಸದಲ್ಲಿ ಚೊಕ್ಕಟ. ಆದರೆ ಅವಳಿಗೆ ಕನ್ನಡ ಬಾರದು, ಅಮ್ಮನಿಗೆ ಮಲಯಾಳಂ ಬಾರದು. ಹೇಗೋ ನಡೆಯುತ್ತದೆ ಎಂದುಕೊಂಡಿದ್ದೆ.

ಹೇಗೆ ನಡೆಯುತ್ತದೆ ಎಂಬುದು ಒಂದು ಭಾನುವಾರ ಕಣ್ಣಿಗೆ ಬಿದ್ದಿತು. ಅಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು “ಚುರುಚುರು ಅಂತಿದೆ” ಎಂದಳು. ಚೇಚ್ಚಿ ಓಡಿಹೋಗಿ ಹೊಟ್ಟೆಯುರಿಯ ಔಷಧವನ್ನು ತಂದು ಒಂದು ಚಮಚ ಕುಡಿಸಿದಳು. ಅಮ್ಮ ಅದನ್ನು ಮಾತಿಲ್ಲದೆ ನುಂಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಹೊಟ್ಟೆ ಚುರುಚುರು ಎಂದರೆ ಹಸಿವು ಎಂದು ಯಾವ ಕನ್ನಡಿಗನಿಗೆ ಗೊತ್ತಿಲ್ಲ? ಕೇಳಿದರೆ, ಆ ಔಷಧದ ಬಾಟಲಿ ತಿಂಗಳಿಗೆರಡು ಖಾಲಿಯಾಗುತ್ತಿತ್ತಂತೆ. ಟೋಕಿಯೋದ ಯಾವುದೋ ಮುದುಕಿಯ ‘ಪೆಕೊಪೆಕೊ’ ನನಗೆ ಬಾಯಿಪಾಠವಾಗಿತ್ತು. ನನ್ನ ತಾಯಿ ಎಷ್ಟು ಮಧ್ಯಾಹ್ನಗಳಲ್ಲಿ ಹಸಿವಿಗೆ ಔಷಧ ಕುಡಿದಳೋ ಲೆಕ್ಕವಿಲ್ಲ.

ಆ ಸಂಜೆ ಜಪಾನಿ ಪಾಠ ನಡೆಯಲಿಲ್ಲ. ಹುಡುಗಿ, ಚೇಚ್ಚಿ, ನಾನು ಅಮ್ಮನ ಮಂಚದ ಸುತ್ತ ಕುಳಿತು ಅದೇ ಕ್ರಮವನ್ನು ಇಲ್ಲಿಗೆ ತಂದೆವು: ಒಬ್ಬ ಮುದುಕಿಯ ಒಂದು ದಿನ. ಅಮ್ಮ ಹೇಳಬೇಕು, ಚೇಚ್ಚಿ ತನ್ನ ಲಿಪಿಯಲ್ಲಿ ಬರೆದುಕೊಳ್ಳಬೇಕು. ಆಗ ಹೊರಬಿದ್ದ ಅಪಾರ್ಥಗಳು ಒಂದೆರಡಲ್ಲ. ಅಮ್ಮ “ಚಳಿ” ಎಂದಾಗಲೆಲ್ಲ ಚೇಚ್ಚಿ ನೆಲ ನೋಡುತ್ತಿದ್ದಳು, ಮಲಯಾಳದಲ್ಲಿ ಅದು ಕೆಸರು. ಮೊಣಕಾಲಿಗೆ ಅವರು ‘ಮುಟ್ಟ್’ ಎನ್ನುತ್ತಾರೆ. ಚೇಚ್ಚಿ ದಿನವೂ ಅಕ್ಕರೆಯಿಂದ “ಮುಟ್ಟು ವೇದನ ಉಂಡೋ” ಎಂದು ಕೇಳುತ್ತಿದ್ದಳು, ಎಪ್ಪತ್ತೆಂಟರ ಅಮ್ಮ ನಾಚಿ ಮುಖ ತಿರುಗಿಸುತ್ತಿದ್ದಳು. ಅಮ್ಮ “ಸಾಕು” ಎಂದರೆ ಚೇಚ್ಚಿ ಇನ್ನೊಂದು ಸೌಟು ಬಡಿಸುತ್ತಿದ್ದಳು. ಅವಳಿಗೆ ಸಾಕು ಎಂದರೆ ‘ಮತಿ’. ಹಾಗೆಯೇ ಬಳಿಯಲ್ಲಿದ್ದೂ ಕಾಣದಿದ್ದ ನಂಟುಗಳೂ ಕಂಡವು. ತಲೆ, ಕೈ, ಕಾಲು, ಕಣ್ಣು ಇಬ್ಬರವೂ ಹೆಚ್ಚುಕಡಿಮೆ ಒಂದೇ. ‘ಸೊಂಟ’ ತಿಳಿಯದ ಚೇಚ್ಚಿಗೆ ‘ನಡು’ ಎಂದರೆ ಥಟ್ಟನೆ ತಿಳಿಯಿತು. ಅವರ ‘ವಯರ್’ ನಮ್ಮ ಹಳಗನ್ನಡದ ಬಸಿರು. ನೂರು ವರ್ಷ ಹಿಂದೆ ಹೋದರೆ ಸಾಲದು, ಸಾವಿರ ವರ್ಷ ಹಿಂದೆ ಹೋದರೆ ಇಬ್ಬರೂ ಮಾತನಾಡಿಕೊಳ್ಳಬಹುದಿತ್ತೆಂದು ಹೇಳಿ ನಗಿಸಿದೆ.

ಒಂದು ಪದ ತಪ್ಪಿದರೆ ಎಷ್ಟು ದೂರ ತಪ್ಪುತ್ತೇವೆ ಎಂಬುದಕ್ಕೆ ಈ ತೀರದಿಂದಲೇ ಜಪಾನಿಗೆ ಹೋದ ಒಂದು ಹಳೆಯ ಕಥೆ ನೆನಪಾಗುತ್ತದೆ. 1544ರಲ್ಲಿ ತಿರುವಾಂಕೂರಿನ ಕಡಲತಡಿಯ ಮೀನುಗಾರರಿಗೆ ದೀಕ್ಷೆ ಕೊಟ್ಟ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಕಾಗೋಷಿಮಾ ತಲುಪಿದ. ಜೊತೆಗಿದ್ದ ಜಪಾನಿಯ ಸಲಹೆಯಂತೆ ತನ್ನ ದೇವರನ್ನು ‘ದೈನಿಚಿ’ ಎಂದು ಕರೆದ. ಅದು ವೈರೋಚನ ಬುದ್ಧನ ಹೆಸರು. ಬೌದ್ಧ ಭಿಕ್ಷುಗಳು ತಮ್ಮವನೇ ಎಂದು ಆದರಿಸಿದರು. ತಪ್ಪು ತಿಳಿದ ಮೇಲೆ ಅವನು ಅನುವಾದವನ್ನೇ ಬಿಟ್ಟು ‘ದೇಉಸು’ ಎಂಬ ಲ್ಯಾಟಿನ್ ಮಾತನ್ನೇ ಬಳಸತೊಡಗಿದ. ನಾವು ಮಾಡಿದ್ದೂ ಅದನ್ನೇ. ಅಮ್ಮನ ಪದಗಳನ್ನು ಅನುವಾದಿಸಲಿಲ್ಲ, ಹಾಗೆಯೇ ಚೇಚ್ಚಿಯ ಬಾಯಿಗೆ ಹಾಕಿದೆವು. ಕಾಯಿಲೆಯವರು ಹೊಸ ಭಾಷೆ ಕಲಿಯಬೇಕಾಗಿಲ್ಲ. ಕಲಿಯಬೇಕಾದವರು ಅವರ ಮಂಚದ ಈಚೆಗೆ ಇರುವವರು. ಹುಡುಗಿಯ ಪರೀಕ್ಷೆಯ ತಿರುಳೂ ಇದೇ ಅಲ್ಲವೇ?

ಪಟ್ಟಿಯ ನಲವತ್ತನೆಯ ಪದವನ್ನು ಸೇರಿಸಿದ್ದು ಅವಳು. ಜಪಾನಿ ಮುದುಕರನ್ನು ಹೇಗಿದ್ದೀರಿ ಎಂದು ಕೇಳಿದರೆ ‘ದೈಜೋಬು’ ಎನ್ನುತ್ತಾರಂತೆ. ಚೆನ್ನಾಗಿದ್ದೇನೆ ಎಂಬುದಕ್ಕೂ ಅದೇ, ಬೇಡ ಎಂಬುದಕ್ಕೂ ಅದೇ, ನಿಮಗೇಕೆ ತೊಂದರೆ ಎಂಬುದಕ್ಕೂ ಅದೇ. ಅದನ್ನು ನಂಬಬಾರದು, ಇನ್ನೊಮ್ಮೆ ಕೇಳಬೇಕು ಎಂದು ಅವಳ ಪಾಠದಲ್ಲಿ ಹೇಳಿದ್ದರು. ಚೇಚ್ಚಿ ತಲೆಯಾಡಿಸಿ, ತನ್ನ ಅಮ್ಮ ಕೊನೆಯ ದಿನದವರೆಗೂ ‘ಕುಳಪ್ಪಮಿಲ್ಲ’ ಎನ್ನುತ್ತಿದ್ದಳು ಎಂದಳು. ಇಬ್ಬರೂ ನನ್ನ ಕಡೆ ನೋಡಿದರು. ನಾನು ‘ಪರವಾಗಿಲ್ಲ’ ಎಂದು ಬರೆಸಿದೆ. ಆರು ವರ್ಷಗಳಿಂದ ದಿನಕ್ಕೆರಡು ಬಾರಿ ಆ ಉತ್ತರವನ್ನು ಬಾಗಿಲಲ್ಲೇ ನಿಂತು ಪಡೆದು, ನಂಬಿ, ಚಪ್ಪಲಿ ಮೆಟ್ಟಿ ಹೊರಟವನು ನಾನು.

ಹುಡುಗಿ ಡಿಸೆಂಬರಿನ ಪರೀಕ್ಷೆಗೆ ಓದುತ್ತಿದ್ದಾಳೆ. ನಾನು ಜಪಾನಿಯನ್ನು ಬಿಟ್ಟಿಲ್ಲ, ಆದರೆ ಬೆಳಗಿನ ಅರ್ಧ ಗಂಟೆ ಈಗ ಮಲಯಾಳಕ್ಕೆ, ಚೇಚ್ಚಿಯೇ ಗುರು. ಹೊರನಾಡಿನಲ್ಲಿ ವಯಸ್ಸಾದ ತಂದೆತಾಯಿಯರನ್ನು ಪರಭಾಷೆಯ ಕೈಗಳಿಗೆ ಒಪ್ಪಿಸಿ ಕೆಲಸಕ್ಕೆ ಹೋಗುವ ನಮ್ಮವರು ಅನೇಕರಿದ್ದೀರಿ. ನಿಮ್ಮಲ್ಲಿ ನನ್ನದೊಂದೇ ವಿನಂತಿ. ನಲವತ್ತು ಪದಗಳು ಸಾಕು, ಒಂದು ಸಂಜೆಯ ಕೆಲಸ. ಅವರಿಂದಲೇ ಹೇಳಿಸಿ ಬರೆಯಿರಿ.

ಮೊನ್ನೆ ಕಛೇರಿಯಿಂದ ಬೇಗ ಬಂದೆ. ಒಳಗಿನಿಂದ ಚೇಚ್ಚಿಯ ಧ್ವನಿ ಕೇಳಿಸಿತು: “ಅಮ್ಮೇ, ಎಲ್ಲಿ ನೋವು?” ಅಮ್ಮ “ಪರವಾಗಿಲ್ಲ” ಎಂದಳು. ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ ಅದೇ ಒರಟು ಕನ್ನಡದಲ್ಲಿ ಚೇಚ್ಚಿ ಕೇಳಿದಳು: “ಎಲ್ಲಿ ನೋವು?” ಆಗ ಅಮ್ಮ ಹೇಳತೊಡಗಿದಳು. ನಾನು ಬ್ಯಾಗು ಕೆಳಗಿಟ್ಟು, ಒಳಗೆ ಹೋಗಿ ಮಂಚದ ಬಳಿ ಕುಳಿತೆ.