ಮೊದಲು ಒಂದೇ ನಾಣ್ಯ ಮಾಡಿಕೊಳ್ಳಿ

ಮಕ್ಕಳೇ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜಮಾ-ಖರ್ಚು ಬರೆದು ನಿವೃತ್ತನಾದವನು ನಾನು. ಏಳನೇ ತರಗತಿಯ ನನ್ನ ಮೊಮ್ಮಗಳಿಗೆ ಭಿನ್ನರಾಶಿಯ ಪರೀಕ್ಷೆ ಎಂದರೆ ಬೆಳಗ್ಗೆಯೇ ಹೊಟ್ಟೆನೋವು.

"ತಾತ, 1/2ಕ್ಕೆ 1/3 ಕೂಡಿದರೆ 2/5 ಅಲ್ವಾ?"

"ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗುತ್ತದೇನಮ್ಮ?"

ಅವಳು ಯೋಚಿಸಿ, ನಕ್ಕಳು.

1957ರಲ್ಲಿ ನಯಾಪೈಸೆ ಬರುವ ಮುಂಚೆ ರೂಪಾಯಿಗೆ 16 ಆಣೆ. ಅರ್ಧ ರೂಪಾಯಿ 8 ಆಣೆ, ಕಾಲು ರೂಪಾಯಿ 4 ಆಣೆ. ಕೂಡಿದರೆ 12 ಆಣೆ, ಅಂದರೆ ಮುಕ್ಕಾಲು. ಎರಡನ್ನೂ ಆಣೆ ಮಾಡಿಕೊಂಡದ್ದರಿಂದ ಲೆಕ್ಕ ಸುಲಭವಾಯಿತು. ಛೇದ ಸಮ ಮಾಡುವುದೂ ಇದೇ ಕೆಲಸ. 2 ಮತ್ತು 3ರ ಲ.ಸಾ.ಅ. 6. ಆಗ 1/2 ಎಂದರೆ 3/6, 1/3 ಎಂದರೆ 2/6, ಮೊತ್ತ 5/6.

ಈ ಲ.ಸಾ.ಅ.ವನ್ನು ನೃಪತುಂಗನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ 'ಗಣಿತಸಾರಸಂಗ್ರಹ'ದಲ್ಲಿ 'ನಿರುದ್ಧ' ಎಂದು ಕರೆದು, ಭಿನ್ನರಾಶಿ ಕೂಡಲು ಬಳಸಿದ್ದಾರೆ.

ಋಣ ಚಿಹ್ನೆ ಬಂದರೆ? ಋಣ ಎಂದರೆ ಸಾಲ, ಅಷ್ಟೇ. ಕೈಯಲ್ಲಿ 1/6 ರೂಪಾಯಿ ಇದೆ, ಸಾಲ 1/4 ಇದೆ ಎನ್ನಿ. ಛೇದ 12 ಮಾಡಿದರೆ, ಇರುವುದು 2/12, ಕೊಡಬೇಕಾದದ್ದು 3/12. ಇದ್ದದ್ದೆಲ್ಲ ಕೊಟ್ಟರೂ 1/12 ಸಾಲ ಉಳಿಯಿತು. ಉತ್ತರ -1/12.

ಅಜ್ಜ-ಅಜ್ಜಿಯರೇ, ಲೆಕ್ಕ ಬರದು ಎಂದು ಮಗು ಹೆದರಿದರೆ ಗದರಬೇಡಿ. ಅರೆ, ಕಾಲು, ಮುಕ್ಕಾಲು ನಿಮ್ಮ ನಾಲಿಗೆಯಲ್ಲೇ ಇವೆ. ಪಕ್ಕದಲ್ಲಿ ಕುಳಿತು ಹೇಳಿಕೊಡಿ.

ಈಗ ಇಬ್ಬರೂ ಸೇರಿ ಮಾಡಿ: -3/8ಕ್ಕೆ 5/12 ಕೂಡಿದರೆ, ಉಳಿಯುವುದು ಹಣವೋ, ಸಾಲವೋ?